ಮಾತು ಒಯ್ಯುವ ಕೆಲಸ

ನಮ್ಮ ಮನೆಗಳಲ್ಲಿ ಜಗಳ ಬಗೆಹರಿಯಲಾರದಷ್ಟು ಬೆಳೆದರೆ ಹೊಡೆದಾಡುವುದಿಲ್ಲ, ಮಾತು ಬಿಡುತ್ತಾರೆ. ಒಂದೇ ಸೂರಿನ ಕೆಳಗೆ ಇರುತ್ತಾರೆ, ಒಂದೇ ಒಲೆಯ ಅನ್ನ ಉಣ್ಣುತ್ತಾರೆ, ಎದುರಿಗೆ ಬಂದರೆ ಗುರುತಿಲ್ಲದವರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿಯುತ್ತಾರೆ. ಹಾಗೆಂದು ಸಂಸಾರ ನಿಲ್ಲುತ್ತದೆಯೇ? ನೀರು ಬಂತೋ ಇಲ್ಲವೋ, ಗ್ಯಾಸ್ ಮುಗಿಯಿತೋ ಇಲ್ಲವೋ, ಕೇಳಲೇಬೇಕಲ್ಲ. ಅದಕ್ಕೆ ನಡುವೆ ಒಬ್ಬರು ಮಾತು ಒಯ್ಯುವವರು ಬೇಕು. ನನ್ನ ತವರಿನಲ್ಲಿ ಆ ಕೆಲಸ ನನ್ನದಾಗಿತ್ತು.

ಕಾಚಿಗುಡಾದ ನಮ್ಮ ಮನೆಯ ಪಡಸಾಲೆಯ ನಡುವೆ ಇಟ್ಟಿಗೆಯ ಅಡ್ಡಗೋಡೆ ಎದ್ದಿತ್ತು. ಈ ಕಡೆ ಅಪ್ಪ, ಆ ಕಡೆ ಕಾಕಾ. ಇಬ್ಬರೂ ಸರ್ಕಾರಿ ನೌಕರರು. ಕಚೇರಿಯಲ್ಲಿ ತೆಲುಗು, ಉರ್ದು ಮಾತಾಡುವಾಗ ಅಣ್ಣ ತಮ್ಮ ಇಬ್ಬರ ಬಾಯಲ್ಲೂ ಜೇನು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಸಾಕು, ಕನ್ನಡ ಶುರುವಾಗುತ್ತಿತ್ತು, ಜೊತೆಗೆ ವಿಷವೂ.

"ಹೋಗಿ ಹೇಳು ನಿಮ್ಮ ಕಾಕಾಗ," ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದರು. "ನಳದ ಮುಂದ ನಿಂತು ಹಲ್ಲು ತಿಕ್ಕೋದ್ರಾಗ ಮಂದಿ ಕಾಶಿಗೆ ಹೋಗಿ ಬರತಾರ ಅಂತ."

ನಾನು ಹೋಗಿ ಹೇಳುತ್ತಿದ್ದೆ. ಮಾತು ಮಾತ್ರವಲ್ಲ, ಅಪ್ಪನ ಮೂಗಿನ ದನಿ, ಕೊನೆಯಲ್ಲಿ ಗಂಟಲು ಕೆರೆಯುವುದು, ಎಲ್ಲ ಸಮೇತ. ಕಾಕಾ ನಗು ತಡೆದುಕೊಂಡು ಅದಕ್ಕಿಂತ ಖಾರದ ಉತ್ತರ ಕೊಟ್ಟು ಕಳಿಸುತ್ತಿದ್ದ. ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಎರಡೂ ಕಡೆಯದನ್ನು ಕೇಳಿಸಿಕೊಂಡು, "ಅವನ ಮಾರಿ ಸುದ್ದಾ ಹೊತ್ತುಕೊಂಡು ಬಂದಿ ನೋಡವಾ ನೀ," ಎನ್ನುತ್ತಿದ್ದಳು. ಹೊಗಳಿಕೆ ಎಂದೇ ತಿಳಿದಿದ್ದೆ. ನನ್ನ ಕನ್ನಡ ಬೆಳೆದದ್ದು ಹಿರಿಯರ ಹಾಡು ಹಸೆಗಳಿಂದ ಎಂದು ಹೇಳಿಕೊಳ್ಳಲು ನನಗೂ ಆಸೆ. ನಿಜ ಹೇಳಬೇಕೆಂದರೆ ಅದು ಬೆಳೆದದ್ದು ಅವರ ಬೈಗುಳದಿಂದ.

ಅಪ್ಪ ತೀರಿಕೊಂಡಾಗ ಕಾಕಾ ಬಂದು ಹೊಸ್ತಿಲಲ್ಲಿ ನಿಂತ. ಹೆಣದ ಕಡೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿ, "ಅವಗ ಹೇಳು," ಎಂದ. ಅಷ್ಟೇ. ಚಪ್ಪಲಿ ಮೆಟ್ಟಿ ಹೊರಟುಹೋದ.

ಇಷ್ಟೆಲ್ಲ ಕಂಡವಳು ಹೊಟ್ಟೆಪಾಡಿಗೆ ಹಿಡಿದ ಕೆಲಸವೂ ಮಂದಿಯ ಮನೆಜಗಳ ಕೇಳುವುದೇ ಎಂದರೆ ನೀವು ನಗಬಹುದು. ದಿಲ್‌ಸುಖ್‌ನಗರದ ಬಸ್ಸಿನ ರಸ್ತೆಗೆ ತಾಗಿದಂತೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕುಟುಂಬ ಸಲಹಾ ಕೇಂದ್ರವಿತ್ತು. ಎರಡು ಕೋಣೆ, ನಡುವೆ ಪ್ಲೈವುಡ್ಡಿನ ತಡಿಕೆ. ಆಚೆ ಕೋಣೆಯಲ್ಲಿ ಕೇಂದ್ರ ನಡೆಸುತ್ತಿದ್ದ ಹಿರಿಯರು, ಈಚೆ ನಾನು. ಅವರು ಮನಶ್ಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದವರು, ಕರಾವಳಿಯ ತೆಲುಗಿನವರು. ಎಳವೆಯಲ್ಲೇ ತಂದೆ ತಾಯಿ ಹೋಗಿ ಹಾಸ್ಟೆಲುಗಳಲ್ಲಿ ಬೆಳೆದವರು. ಹಾಸ್ಟೆಲಿನಲ್ಲಿ ನೀನು ಯಾರ ಮಗ ಎಂದು ಯಾರೂ ಕೇಳುವುದಿಲ್ಲವಂತೆ. ಆ ಕೇಳದಿರುವಿಕೆಯಲ್ಲೇ ಅವರಿಗೆ ಒಂದು ಸುಖ ಸಿಕ್ಕಿತ್ತು. ಕೆಲಸದಲ್ಲೂ ಅದನ್ನೇ ನಿಯಮ ಮಾಡಿದ್ದರು.

"ಅಮ್ಮಾ, ನಮ್ಮ ಕುರ್ಚಿಯಲ್ಲಿ ಕೂತವರಿಗೆ ಊರಿಲ್ಲ, ಕುಲವಿಲ್ಲ, ತವರಿಲ್ಲ," ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. "ಬಂದವರು ನಮ್ಮ ಮುಖದಲ್ಲಿ ತಮ್ಮನ್ನು ನೋಡಿಕೊಳ್ಳಬೇಕು. ನಿಮ್ಮ ಮನೆಯ ಕಥೆ ಹೇಳಿದರೆ ನಾಳೆ ಅದನ್ನೇ ತಂದು ನಿಮ್ಮ ತಲೆಗೆ ಹೊಡೆಯುತ್ತಾರೆ."

"ಸರ್, ನಮ್ಮ ಜನ ಎದುರಿನವರು ಯಾರ ಪೈಕಿ ಅಂತ ಗೊತ್ತಾಗದೆ ಹೊಟ್ಟೆನೋವನ್ನೂ ಹೇಳುವುದಿಲ್ಲ," ಎಂದು ನಾನು ವಾದಿಸುತ್ತಿದ್ದೆ. ಇಬ್ಬರೂ ಸೋಲುತ್ತಿರಲಿಲ್ಲ.

ಆಕೆ ಬಂದದ್ದು ಅಂಥ ಒಂದು ವಾದದ ಮಧ್ಯೆಯೇ. ಉಪ್ಪಲ್ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ, ಮೆಟ್ಟಿಲು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತರು. ಐವತ್ತರ ಸನಿಹದ ಹೆಂಗಸು, ಇಳಕಲ್ ಸೀರೆ. ತುಟಿಗೂ ಕೆನ್ನೆಗೂ ಬಣ್ಣದ ವ್ಯತ್ಯಾಸವಿರಲಿಲ್ಲ, ಅಷ್ಟು ಬಿಳುಪು. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ರಕ್ತ ಹೋಗುತ್ತಲೇ ಇತ್ತು. ತೆಗೆದುಹಾಕದಿದ್ದರೆ ಜೀವಕ್ಕೆ ಕುತ್ತು ಎಂದು ನರ್ಸಿಂಗ್ ಹೋಮಿನ ಡಾಕ್ಟರಮ್ಮ ಹೇಳಿದ್ದರು. ಪ್ರತಿ ಸಲವೂ ಆಗಲಿ ಎಂದು ತಲೆಯಾಡಿಸಿ ಹೋದವರು ಆಪರೇಷನ್ನಿಗೆ ಬರುತ್ತಿರಲಿಲ್ಲ. ಕತ್ತರಿಯ ಹೆದರಿಕೆ ಇರಬೇಕೆಂದು ಡಾಕ್ಟರಮ್ಮ ನಮ್ಮಲ್ಲಿಗೆ ಕಳಿಸಿದ್ದರು.

ಮೊದಲು ತೆಲುಗಿನಲ್ಲಿ ಮಾತಾಡಿದರು. ನನ್ನ ತೆಲುಗಿನ ಕೆಳಗಿದ್ದ ಕನ್ನಡ ಅವರಿಗೆ ಕೇಳಿಸಿತು.

"ನೀವು ನಮ್ಮ ಕಡಿಯವರೇನ್ರಿ?"

"ಹೌದ್ರಿ ಅಕ್ಕಾರ."

"ಯಾರ ಪೈಕಿ?"

ತಡಿಕೆಯ ಆಚೆ ಹಿರಿಯರು ಕೆಮ್ಮಿದರು. ನಾನು ಕಾಚಿಗುಡಾದ ಮನೆ, ಅಪ್ಪನ ಹೆಸರು, ಊರು, ಎಲ್ಲ ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಕುರ್ಚಿಯ ಹಿಂದಕ್ಕೆ ಸರಿದು ಕೂತರು. ಬಾಯಿ ಬಿಚ್ಚಿದ್ದು ಆಮೇಲೆಯೇ.

"ಕತ್ತರಿದೇನು ಹೆದರಿಕಿಲ್ರಿ ನನಗ. ನಾ ದವಾಖಾನ್ಯಾಗ ಮಲಗಿದ್ರ ಮನ್ಯಾಗ ಮಾತು ಯಾರು ಒಯ್ಯೋರು?"

ಮನೆಯಲ್ಲಿ ಇದ್ದವರು ಮೂರೇ ಜನ. ಆಕೆ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಗಂಡ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುವ ಮಗಳು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ಅಪ್ಪ ಅವಳ ಕೆಲಸ ಬಿಡಿಸುವುದಾಗಿ ಮಾತು ಕೊಟ್ಟರು. ಮಗಳು ಚಹಾದ ತಟ್ಟೆ ಕೆಳಗಿಟ್ಟು, "ಅಪ್ಪಾ, ನೀವು ಸುಮ್ಮ ಕುಂದರ್ರಿ," ಎಂದಳು. ಬಂದವರು ಎದ್ದು ಹೋದರು. ಅವತ್ತಿನಿಂದ ಅಪ್ಪ ಮಗಳು ಮಾತು ಬಿಟ್ಟರು. ಅದಾಗಿ ಎರಡು ದಸರೆ ಕಳೆದಿದ್ದವು.

"ನೀವು ಮಾತು ಒಯ್ಯೋದು ನಿಲ್ಲಿಸಿದ್ರ ಏನಾಗತೈತ್ರಿ?" ಎಂದೆ.

ಆಕೆ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಅವರು ಅನ್ನೋದು ಇದ್ದಂಗ ಆಕಿ ಕಿವಿಗೆ ಬಿದ್ರ ಆಕಿ ಅಮೀರ್‌ಪೇಟ್ ಹಾಸ್ಟೆಲಿಗೆ ಹೋಗತಾಳ. ಆಕಿ ಅನ್ನೋದು ಇವರ ಕಿವಿಗೆ ಬಿದ್ರ ಇವರು ಆಕಿ ಸಾಮಾನು ಬೀದಿಗೆ ಒಗೀತಾರ. ನಾ ನಡುವ ಜರಾ ತೊಳದು ಕೊಡತೀನ್ರಿ."

ಉದಾಹರಣೆಗೆ, "ಆಕಿಗೆ ಹೇಳು, ಇದು ಧರ್ಮಛತ್ರ ಅಲ್ಲ, ಬೇಕಾದಾಗ ಬಂದು ಬಿದ್ದುಕೊಳ್ಳಾಕ," ಎಂದು ಗಂಡ ಹೇಳಿದರೆ, ಮಗಳಿಗೆ ಮುಟ್ಟುವಾಗ ಅದು "ಅಪ್ಪ ಕಾಯಾಕತ್ತಿದ್ರು, ಲಗೂನ ಬರಬೇಕವಾ," ಆಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಮಾತನ್ನು ಮೂಗಿನ ಸಮೇತ ಮುಟ್ಟಿಸಿದೆ. ಅಣ್ಣ ತಮ್ಮ ಮಾತಾಡದೆ ಹೋದರು. ಈಕೆ ತೊಳೆದು, ಒಣಗಿಸಿ, ಮಡಚಿ ಕೊಟ್ಟರು. ಇಲ್ಲಿಯೂ ಯಾರೂ ಮಾತಾಡುತ್ತಿಲ್ಲ. ಈಗ ಇದಕ್ಕೆ ಜೀವ ತೆರಬೇಕಾಗಿದ್ದದ್ದು ಒಯ್ಯುವವಳು.

ಮೂವರೂ ಒಟ್ಟಿಗೆ ಬನ್ನಿ ಎಂದೆ. ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಆಕೆ ಇಬ್ಬರಿಗೂ ಬೇರೆ ಬೇರೆ ಏನು ಹೇಳಿ ಕರೆತಂದಿದ್ದರೋ ದೇವರಿಗೇ ಗೊತ್ತು.

ಆ ಮನುಷ್ಯ ಕಂಡ ಕೂಡಲೇ ನನಗೆ ಹಿಡಿಸಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಎದುರಿನವರ ಅರ್ಜಿ ತಿರಸ್ಕರಿಸುವ ಕಳೆ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು. ಮಗಳು ಕ್ಲಾಸು ಮುಗಿಸಿ ನೇರ ಬಂದಿದ್ದಳು, ದುಪ್ಪಟ್ಟದ ಮೇಲೆ ಸೀಮೆಸುಣ್ಣದ ಪುಡಿ. ಅವಳು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡಳು. ತಾಯಿ ನಡುವೆ ಕೂತರು, ಮನೆಯಲ್ಲಿ ಕೂರುವಂತೆ.

"ಮೇಡಂ," ಗಂಡಸು ಕಿಟಕಿಗೆ ಹೇಳಿದರು, "ಆಕಿಗೆ ಹೇಳ್ರಿ, ತಾಯಿ ಸಾಯಾಕತ್ತಾಳ, ಜರಾ ಬುದ್ಧಿ ಕಲಿ ಅಂತ."

"ಮೇಡಂ," ಮಗಳು ಬಾಗಿಲಿಗೆ ಹೇಳಿದಳು, "ತಾಯಿಗೆ ಈ ಗತಿ ಯಾರಿಂದ ಬಂತು ಅಂತ ಅವರಿಗೆ ಕೇಳ್ರಿ."

"ನಾ ಹೇಳಂಗಿಲ್ಲ, ಕೇಳಂಗೂ ಇಲ್ಲ," ಎಂದೆ. "ಆಕಿ ಇಲ್ಲೇ ಕುಂತಾಳ. ನೀವೂ ಇಲ್ಲೇ ಕುಂತೀರಿ. ನೀವೇ ಹೇಳಿಕೊಳ್ರಿ."

"ಹಂಗಂದ್ರ ನಿಮ್ಮ ಕೆಲಸ ಏನು?"

"ನಿಮ್ಮ ಮಾತು ಒಯ್ಯೋದಂತೂ ಅಲ್ಲ."

ಕೆಳಗೆ ಬಸ್ಸಿನ ಕಂಡಕ್ಟರು ಕೋಠಿ, ಕೋಠಿ ಎಂದು ಕೂಗುತ್ತಿದ್ದ. ಆಮೇಲೆ ಆತ ಮೊದಲ ಸಲ ಕುರ್ಚಿ ತಿರುಗಿಸಿ ನನ್ನನ್ನು ನೇರವಾಗಿ ನೋಡಿದರು.

"ನಿಮ್ಮ ಮನಿ ಕಾಚಿಗುಡಾದಾಗ ಅಂದ್ಲು ನಮ್ಮಾಕಿ. ನಡುವ ಗ್ವಾಡಿ ಇದ್ದ ಮನಿ, ಹೌದಲ್ರಿ?"

"ಹೌದು."

"ಅಣ್ಣ ತಮ್ಮ ಸಾಯೋತನಕ ಮಾತಾಡಲಿಲ್ಲ. ನಮ್ಮ ಮಂದ್ಯಾಗ ಯಾರಿಗೆ ಗೊತ್ತಿಲ್ಲ ಹೇಳ್ರಿ. ಆ ಮನಿ ಮಗಳು ನೀವು. ನಮಗ ಮಾತಾಡೋದು ಕಲಸಾಕ ಕುಂತೀರಿ."

ಮಗಳು ನಕ್ಕಳು. ಕಿಸಕ್ಕನೆ ಬಂದ ನಗು, ತಡೆಯಲು ಹೋಗಿ ಜೋರಾಯಿತು. "ಅಮ್ಮಾ, ಅವರಿಗೆ ಹೇಳು," ಎಂದಳು, ಅಪ್ಪನ ಕಡೆ ಗದ್ದ ತೋರಿಸಿ, "ಇದೊಂದು ಮಾತು ಬರೋಬರಿ ಅಂದ್ರು ಅಂತ. ಕುಂಟರು ಓಡೋದು ಕಲಸಾಕತ್ತಂಗ ಐತಿ."

ಎರಡು ದಸರೆಗಳ ನಂತರ ಅಪ್ಪ ಮಗಳು ಒಂದು ವಿಷಯದಲ್ಲಿ ಒಪ್ಪಿದರು. ಆ ವಿಷಯ ನಾನು. ತಡಿಕೆಯ ಆಚೆಯ ಹಿರಿಯರು ಹೇಳಿದ್ದು ಅಕ್ಷರಶಃ ನಡೆದಿತ್ತು, ತಂದು ತಲೆಗೇ ಹೊಡೆದಿದ್ದರು.

"ಹೌದ್ರಿ, ಅದೇ ಮನಿ," ಎಂದೆ. "ಆ ಮನ್ಯಾಗ ಮಾತು ಒಯ್ಯೋಳು ನಾನೇ. ಅದಕ್ಕ ಹೇಳತೀನಿ, ಇನ್ನೊಂದು ಮನ್ಯಾಗ ಅದನ್ನ ಮಾಡಂಗಿಲ್ಲ."

ಆತ ಎದ್ದು ನಿಂತರು. ಹೆಂಡತಿಯ ಕಡೆ ತಿರುಗಿ, ನನ್ನತ್ತ ಕೈ ಚಾಚಿ ಹೇಳಿದರು. "ಹೇಳು ಈ ಮೇಡಂಗ. ಮೊದಲ ತಮ್ಮ ಮನಿ ಹೊಲಸು ಬಳಕೊಳ್ಳಲಿ, ಆಮ್ಯಾಲೆ ಮಂದಿ ಮನ್ಯಾಗ ಕಸಬರಗಿ ಹಿಡಿಲಿ ಅಂತ. ಇಂಥ ಬೇಶರಮ್ ಮಂದಿ ಮುಂದ ಕುಂದರೋದು ನಮ್ಮ ನಸೀಬಿನ್ಯಾಗ ಇತ್ತು ಅಂತ."

ನಾನು ಆತನಿಂದ ಒಂದು ಮಾರು ದೂರದಲ್ಲಿ ಕೂತಿದ್ದೆ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದೆ. ಅದನ್ನು ಆಕೆಯೂ ನೋಡಿದ್ದರು. ಆದರೂ ಆ ತಾಯಿ ನನ್ನ ಕಡೆ ತಿರುಗಿ, ದನಿ ಮೆತ್ತಗೆ ಮಾಡಿಕೊಂಡು, ಮುಖದ ತುಂಬ ನಗು ತಂದುಕೊಂಡು ಹೇಳಿದರು.

"ಏನಿಲ್ರಿ, ನಮ್ಮಿಂದ ನಿಮಗ ಭಾಳ ತ್ರಾಸ ಆತು ಅಂತಾರ."

ತಾನು ಏನು ಮಾಡಿದೆ ಎಂಬುದು ಆಕೆಗೇ ತಿಳಿದಿರಲಿಲ್ಲ. ಅನ್ನ ಬಡಿಸುವವಳ ಕೈ ತಾನೇ ತುಪ್ಪದ ಕಡೆ ಹೋದ ಹಾಗೆ.

"ನಾ ಹಂಗ ಅಂದೆನೇನು?" ಗಂಡ ಕೇಳಿದರು.

ಮಗಳ ಕುರ್ಚಿ ಬಾಗಿಲಿನಿಂದ ಇತ್ತ ತಿರುಗಿತು. "ಅಮ್ಮಾ, ನೀ ನನಗೂ ಹಿಂಗ ಹೇಳತೀಯೇನು?"

ಆಕೆ ಸೆರಗಿನ ತುದಿ ಸುತ್ತತೊಡಗಿದರು.

"ಅಪ್ಪ ಕಾಯಾಕತ್ತಿದ್ರು, ಅಪ್ಪ ನಿನ್ನ ಊಟ ಕೇಳಿದ್ರು, ಅಪ್ಪಗ ನಿನ್ನ ಚಿಂತಿ ಐತಿ," ಮಗಳು ಒಂದೊಂದನ್ನೇ ತಾಯಿಯ ಮುಂದೆ ಎಸೆದಳು. "ಎಲ್ಲಾ ನೀ ಮನ್ಯಾಗ ಮಾಡಿದ್ದ ಅಡಗಿ ಏನು?"

"ಮತ್ತ ನನಗ?" ಗಂಡನ ದನಿ ಏರಿತು. "ಆಕಿಗೆ ಪಶ್ಚಾತ್ತಾಪ ಆಗೇತಿ, ಒಳಗ ಹೋಗಿ ಅಳತಾಳ, ಇವತ್ತಲ್ಲ ನಾಳೆ ಕ್ಷಮಾ ಕೇಳತಾಳ ಅಂದಿ. ಸುಳ್ಳ ಏನು? ಎಷ್ಟು ದಿನದಿಂದ ಸುಳ್ಳು ಹೇಳಾಕತ್ತಿ?"

ಈಗ ಇಬ್ಬರೂ ಆ ಬಿಳಿಚಿದ ಹೆಂಗಸಿನ ಮೇಲೆ ಬಿದ್ದರು. ಸುಳ್ಳಿ ಎಂದರು. ಇಬ್ಬರ ನಡುವೆ ಆಟ ಆಡಿಸಿದಳು ಎಂದರು. ಅವಳಿಂದಲೇ ಮನೆ ಹಿಂಗಾಯಿತು ಎಂದರು. ನಾನು ನಡುವೆ ಬಾಯಿ ಹಾಕಲು ಹೊರಟೆ, ಆಕೆ ಕೈ ಎತ್ತಿ ತಡೆದರು.

"ಇದ್ದಂಗ ಬೇಕೇನು? ಕೊಡತೀನಿ, ತೊಗೊಳ್ರಿ," ಎಂದರು. ಮಗಳ ಕಡೆ ತಿರುಗಿದರು. "ನಿಮ್ಮಪ್ಪ ಅಂದ್ರು, ಈಕಿ ಹುಟ್ಟೋ ಬದಲಿ ಬಾಗಲಿಗೆ ಒಂದು ನಾಯಿ ಕಟ್ಟಿದ್ರ ಚಲೋ ಇತ್ತು, ಬಾಲಾ ಆದ್ರೂ ಅಲ್ಲಾಡಸ್ತಿತ್ತು ಅಂತ." ಗಂಡನ ಕಡೆ ತಿರುಗಿದರು. "ನಿಮ್ಮ ಮಗಳು ಅಂದ್ಲು, ಆಫೀಸಿನ್ಯಾಗ ಸಾಹೇಬರ ಮುಂದ ಬಗ್ಗಿ ಬಗ್ಗಿ ಬೆನ್ನು ಡೊಂಕಾಗೇತಿ, ಅದನ್ನ ನೆಟ್ಟಗ ಮಾಡಾಕ ಮನ್ಯಾಗ ನನ್ನ ಮ್ಯಾಲೆ ಜೋರು ಮಾಡತಾರ ಅಂತ. ನನ್ನ ಆಪರೇಷನ್ನಿಗೆ ಆಕಿ ರಜಾ ಹಾಕತೀನಿ ಅಂದ್ಲು. ನೀವು, ಆಕಿ ನೆರಳು ದವಾಖಾನಿಗೆ ಬೀಳಬಾರದು ಅಂದ್ರಿ. ಆಕಿ, ಹಂಗಾದ್ರ ಅವರು ಬಂದ ದಿನ ನಾ ಬರಂಗಿಲ್ಲ ಅಂದ್ಲು. ಇದನ್ನ ಎಲ್ಲಿಗೆ ಒಯ್ಯಲಿ ನಾ? ಯಾರಿಗೆ ಕೊಡಲಿ? ಹೊಟ್ಟ್ಯಾಗ ಗಡ್ಡಿ ಆಗೇತಂತ, ಆಗದ ಏನು ಮಾಡತೈತಿ?"

ಗಂಡಸು ಮಗಳನ್ನು ನೋಡಿದರು. ನೇರವಾಗಿ, ಕಿಟಕಿಯನ್ನು ಬಿಟ್ಟು.

"ನಾ ಬಗ್ಗಿದ್ದಕ್ಕ ನಿನ್ನ ಕಾಲೇಜಿನ ಫೀಸು ಹುಟ್ಟಿತು," ಎಂದರು. "ನೀ ನನಗ ಅನ್ನಾಕಿ."

"ನಿಮಗ ನಾಯಿ ಬೇಕಿತ್ತು," ಮಗಳು ಎದ್ದು ನಿಂತಳು. "ಅದಕ್ಕ ಆ ಮಂದಿ ಮುಂದ ನನ್ನ ಕೊರಳಿಗೆ ಹಗ್ಗಾ ಹಾಕಾಕ ಹೋದ್ರಿ."

"ಬಾಯಿ ಮುಚ್ಚು."

"ನೀವು ಮುಚ್ಚರಿ. ನನ್ನ ನೌಕರಿ ಬಿಡಸ್ತೀನಿ ಅಂತ ಮಾತು ಕೊಡಾಕ ನೀವ್ಯಾರು?"

"ನಿನ್ನ ಅಪ್ಪ."

"ಅಪ್ಪ ಆಗಿದ್ರ ಒಂದ ಸಲ ನನ್ನ ಕೇಳ್ತಿದ್ರಿ."

ಅಲ್ಲಿಂದ ಮುಂದಿನದನ್ನು ಬರೆಯುವುದು ಚೆನ್ನಾಗಿರುವುದಿಲ್ಲ. ಇಷ್ಟು ದಿನ ತೊಳೆಯಲು ಕೊಟ್ಟಿದ್ದೆಲ್ಲ ಮೈಲಿಗೆ ಸಮೇತ ಹೊರಬಿತ್ತು. ಆತ ಮೇಜು ಗುದ್ದಿದರು. ಅವಳು ತನ್ನ ಚೀಲವನ್ನು ನೆಲಕ್ಕೆ ಎಸೆದಳು. ಹಿರಿಯರು ತಡಿಕೆಯ ಪಕ್ಕದಿಂದ ತಲೆ ಹಾಕಿ, ಪೊಲೀಸರನ್ನು ಕರೆಯಬೇಕೇ ಎಂಬಂತೆ ಹುಬ್ಬು ಏರಿಸಿದರು. ಬೇಡವೆಂದು ಕೈ ಆಡಿಸಿದೆ. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದದ್ದು ಒಂದೇ, ಇವರಲ್ಲಿ ಯಾರಾದರೂ "ಆಕಿಗೆ ಹೇಳು," "ಅವರಿಗೆ ಹೇಳು" ಎನ್ನುತ್ತಾರೆಯೇ ಎಂದು. ಅನ್ನಲಿಲ್ಲ. ಇಬ್ಬರಿಗೂ ಅಷ್ಟು ಪುರಸೊತ್ತು ಇರಲಿಲ್ಲ.

ತಾಯಿ ಎದ್ದರು. ಇಬ್ಬರ ನಡುವಿನಿಂದ ಸಂತೆಯಲ್ಲಿ ದಾರಿ ಮಾಡಿಕೊಂಡು ಹೋಗುವವರಂತೆ ಹಾದು ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಹಿಂದೆ ಹೋದೆ.

"ನೀವೂ ಬ್ಯಾಡ್ರಿ ಈಗ," ಎಂದರು. "ಸಮಾಧಾನ ಮಾಡಬ್ಯಾಡ್ರಿ. ನನಗ ನಿಮ್ಮ ಮ್ಯಾಲೂ ಸಿಟ್ಟು ಐತಿ."

"ಇರಲಿ ಅಕ್ಕಾರ."

"ಇಷ್ಟು ವರ್ಷ ಕಟ್ಟಿಕೊಂಡ ಬಂದ ಮನಿ. ಒಂದು ಮಧ್ಯಾಹ್ನದಾಗ ಕೆಡವಿದ್ರಿ."

ಒಳಗಿನ ಕೂಗಾಟ ಮೆಟ್ಟಿಲ ತನಕ ಕೇಳುತ್ತಿತ್ತು. ಔಷಧಿ ಅಂಗಡಿಯವನು ಮೇಲೆ ನೋಡಿ ಹೋದ. ಆಕೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. ಆಮೇಲೆ ಬೆಂಚಿನ ಪಕ್ಕದ ಮೇಜಿನ ಮೇಲಿನ ಫೋನನ್ನು ತೋರಿಸಿ, "ಇದರಿಂದ ಡಾಕ್ಟರಮ್ಮಗ ಹಚ್ಚಿಕೊಡ್ರಿ," ಎಂದರು. ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದ, ಬರುವ ವಾರ ತಮಗೊಂದು ಹಾಸಿಗೆ ಹಿಡಿದಿಡಲು ಹೇಳಿದರು. ಯಾರು ಜೊತೆಗಿರುತ್ತಾರೆ ಎಂದು ಆ ಕಡೆಯಿಂದ ಕೇಳಿರಬೇಕು. "ಅದನ್ನ ಅವರವರೇ ನೋಡಿಕೊಳ್ತಾರೆ," ಎಂದು ರಿಸೀವರ್ ಇಟ್ಟರು.

ಅವರು ಹೋದ ಮೇಲೆ ಹಿರಿಯರು ನನ್ನ ಕೋಣೆಗೆ ಬಂದು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು.

"ನಾನು ಹೇಳಿರಲಿಲ್ಲವೇ," ಎಂದರು.

"ಹೇಳಿದ್ದಿರಿ ಸರ್."

"ಇನ್ನು ಮೇಲೆ ತವರಿನ ಸುದ್ದಿ ಎತ್ತಬೇಡಿ."

"ಎತ್ತದಿದ್ದರೆ ಆಕೆ ಮೊದಲ ದಿನವೇ ಎದ್ದು ಹೋಗುತ್ತಿದ್ದರು ಸರ್."

ಅವರು ಒಪ್ಪಲಿಲ್ಲ. ಅವರು ಹಾಸ್ಟೆಲಿನ ಕಣ್ಣಿನಿಂದ ನೋಡುತ್ತಿದ್ದರು, ನಾನು ಗೋಡೆ ಎದ್ದ ಪಡಸಾಲೆಯಿಂದ. ನಾವಿಬ್ಬರೂ ಓದಿದ್ದ ಪುಸ್ತಕಗಳು ಒಂದೇ ಆಗಿದ್ದರೂ ಆ ವಿಷಯದಲ್ಲಿ ಕೊನೆಯವರೆಗೂ ರಾಜಿಯಾಗಲಿಲ್ಲ. ಬಂದವರನ್ನು ಆಸ್ಪತ್ರೆಗೆ ಹೋಗಿ ಮಾತಾಡಿಸುವುದೂ ಅವರ ನಿಯಮಕ್ಕೆ ವಿರುದ್ಧವೇ. ನಾನು ಹೋದೆ.

ನರ್ಸಿಂಗ್ ಹೋಮಿನ ವರಾಂಡಕ್ಕೆ ಕಾಲಿಡುವ ಮೊದಲೇ ದನಿ ಕೇಳಿಸಿತು. ಮಗಳು ಗಂಜಿ ತಂದಿದ್ದಳು. ಅಪ್ಪ ಇಡ್ಲಿ ತಂದಿದ್ದರು. ಡಾಕ್ಟರಮ್ಮ ಯಾವುದಕ್ಕೆ ಹೂಂ ಎಂದಿದ್ದರು ಎನ್ನುವುದರ ಮೇಲೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತು ಜಗಳವಾಡುತ್ತಿದ್ದರು. ಪಕ್ಕದ ಬೆಂಚಿನ ರೋಗಿಗಳ ಕಡೆಯವರು ಸರಿದು ದೂರ ಕೂತಿದ್ದರು.

"ಮೂರು ಹೊತ್ತು ಇಡ್ಲಿ ತಿನಿಸಿದ್ರ ಹೊಟ್ಟಿಗೆ ಹಾಕಿದ ಟಾಕಿ ಹರೀತಾವ, ತಿಳೀತೈತೇನು ನಿಮಗ?"

"ನಿನಗಿಂತ ಮೊದಲ ನಾ ದವಾಖಾನಿ ಕಂಡೀನಿ. ನಿನ್ನ ಹಡಿಯೋ ಹೊತ್ತಿಗೆ ಹೊರಗ ನಿಂತಿದ್ದವ ನಾ."

"ನಿಂತಿದ್ರಿ, ಕುಂದರಾಕ ಬೆಂಚು ಇರಲಿಲ್ಲಂತ."

ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ ನಿಲ್ಲಿಸಿದರು.

"ಬಂದ್ರೇನು?" ಆತ ಎಂದರು. "ಒಡಿಯೋ ಮನಿ ಇನ್ನ ಯಾವುದರ ಉಳದೈತ್ಯೋ ನೋಡಾಕ?"

"ಒಳಗ ಹೋಗಿ ಆಕಿ ತಲಿ ತಿನ್ನಬ್ಯಾಡ್ರಿ," ಎಂದಳು ಮಗಳು. "ನೀವು ಬಂದ ಮ್ಯಾಲೆ ನಮ್ಮ ಮನ್ಯಾಗ ಒಂದು ದಿನ ಶಾಂತಿ ಇಲ್ಲ."

ನಾನು ದಾಟಿ ಒಳಗೆ ಹೋದೆ. ಆಕೆ ಅಂಗಾತ ಮಲಗಿದ್ದರು, ಕೈಗೆ ರಕ್ತದ ಬಾಟಲಿ ಹಚ್ಚಿತ್ತು. ತುಟಿಗೆ ಇನ್ನೂ ಬಣ್ಣ ಬಂದಿರಲಿಲ್ಲ. ಗಡ್ಡೆ ತೆಗೆದಿದ್ದರು, ಕೆಟ್ಟದ್ದೇನೂ ಅಲ್ಲವಂತೆ. ಕುರ್ಚಿ ತೋರಿಸಿದರು, ಕೂತೆ. ಹೊರಗೆ ಇಡ್ಲಿಯ ವಾದ ಮತ್ತೆ ಹತ್ತಿಕೊಂಡಿತು. ಈಗ ಅದರಲ್ಲಿ ಆ ಗಂಡಿನ ಕಡೆಯವರೂ, ಆ ಚಹಾದ ತಟ್ಟೆಯೂ ಬಂದು ಸೇರಿದ್ದವು.

"ಏನಂತಾರ?" ಎಂದು ಆಕೆ ಕೇಳಿದರು.

ನಾನು ಬಾಯಿ ತೆರೆದೆ. ಆಕೆಯೇ ನನ್ನ ಮೊಣಕೈ ಮುಟ್ಟಿ ತಡೆದರು.

"ಬ್ಯಾಡ್ರಿ. ಹೇಳಬ್ಯಾಡ್ರಿ. ಆ ಬಾಗಲಾ ಜರಾ ಮುಂದ ಮಾಡ್ರಿ, ನಿದ್ದಿ ಬರಾಕತ್ತೈತಿ."

ಬಾಗಿಲು ಮುಚ್ಚಿ ಬರುವಷ್ಟರಲ್ಲಿ ಆಕೆ ನಿದ್ದೆ ಹೋಗಿದ್ದರು.